ಅಲ್ಯೂಮಿನಿಯಂ ಮೈಗೆ ಕ್ರೋಮಿಯಂ ಕವಚ

ಪ್ರೌಢಶಾಲೆಯ ರಸಾಯನ ವಿಜ್ಞಾನದಲ್ಲಿ ಒಂದು ಹಳೆಯ ಪ್ರಯೋಗವಿದೆ. ಗಾಜಿನ ಲೋಟದಲ್ಲಿ ಮೈಲುತುತ್ತದ ನೀಲಿ ದ್ರಾವಣ, ಅದರೊಳಗೆ ಒಂದು ಕಬ್ಬಿಣದ ಮೊಳೆ. ಸ್ವಲ್ಪ ಹೊತ್ತಿನಲ್ಲೇ ಮೊಳೆಯ ಮೈ ತಾಮ್ರದ ಕೆಂಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಆದ್ದರಿಂದ ತಾನು ಕರಗಿ ತಾಮ್ರವನ್ನು ದ್ರಾವಣದಿಂದ ಹೊರಗೆ ತಳ್ಳುತ್ತದೆ ಎಂದು ಪಾಠ ಹೇಳುತ್ತದೆ. ಈಗ ಮೊಳೆಯ ಬದಲು ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಮುಳುಗಿಸಿ ನೋಡಿ. ಕ್ರಿಯಾಶೀಲತೆಯ ಶ್ರೇಣಿಯಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ಮೇಲಿದೆ. ಹಾಗಾದರೆ ತಾಮ್ರ ಇನ್ನೂ ಬೇಗ ಕೂಡಬೇಕಲ್ಲವೆ? ಆದರೆ ಬಹಳ ಹೊತ್ತು ಕಾದರೂ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ.

ಪಾಠ ಸುಳ್ಳಾಯಿತೆ? ಇಲ್ಲ. ಅದೇ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದರೆ ದೃಶ್ಯವೇ ಬದಲಾಗುತ್ತದೆ. ಗುಳ್ಳೆಗಳು ಏಳುತ್ತವೆ, ಲೋಟ ಬೆಚ್ಚಗಾಗುತ್ತದೆ, ಪಟ್ಟಿಯ ಮೇಲೆ ಕಂದುಗೆಂಪು ತಾಮ್ರ ಕೂಡತೊಡಗುತ್ತದೆ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿದ ಕ್ಷಣದಲ್ಲೇ ಆಮ್ಲಜನಕದೊಡನೆ ಸೇರಿ ತನ್ನ ಮೈಮೇಲೆ ಆಕ್ಸೈಡಿನ ಪೊರೆಯೊಂದನ್ನು ಹೊದ್ದುಕೊಂಡಿರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಆ ಪೊರೆಯೇ ಮೈಲುತುತ್ತವನ್ನು ತಡೆದು ನಿಲ್ಲಿಸಿತ್ತು. ಉಪ್ಪಿನಲ್ಲಿರುವ ಕ್ಲೋರೈಡು ಅದನ್ನು ಅಲ್ಲಲ್ಲಿ ಭೇದಿಸಿತು, ಒಳಗಿನ ಚುರುಕು ಲೋಹ ಹೊರಬಂತು. (ಈ ಪ್ರಯೋಗವನ್ನು ಅಧ್ಯಾಪಕರ ಸಮ್ಮುಖದಲ್ಲೇ ಮಾಡಬೇಕು.)

ಇನ್ನೂ ಒಂದು ಸಂಗತಿ ಗಮನಿಸಿ. ಹೀಗೆ ಕೂತ ತಾಮ್ರವನ್ನು ಬೆರಳಿನಿಂದ ಉಜ್ಜಿದರೆ ಕೆಸರಿನಂತೆ ಜಾರಿಹೋಗುತ್ತದೆ. ಅಲ್ಯೂಮಿನಿಯಂ ಮೇಲೆ ಇನ್ನೊಂದು ಲೋಹವನ್ನು ಕೂರಿಸುವುದು ಒಂದು ಕಷ್ಟ. ಕೂತದ್ದು ಕಚ್ಚಿಕೊಂಡು ನಿಲ್ಲುವಂತೆ ಮಾಡುವುದು ಅದಕ್ಕಿಂತ ದೊಡ್ಡ ಕಷ್ಟ. ಅಲ್ಯೂಮಿನಿಯಂ ಬಿಡಿಭಾಗಗಳಿಗೆ ಹಾರ್ಡ್ ಕ್ರೋಮ್ ಪ್ಲೇಟಿಂಗ್ ಮಾಡುವವರು ಎದುರಿಸಬೇಕಾದ ಕಷ್ಟ ಇದೇ.

ಹಗುರವೂ ಬೇಕು, ಗಟ್ಟಿಯೂ ಬೇಕು

ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ ತೂಗುತ್ತದೆ. ಶಾಖವನ್ನು ಎರಕದ ಕಬ್ಬಿಣಕ್ಕಿಂತ ಹಲವು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಹಗುರವಾಗಿರಬೇಕಾದ, ಬೇಗ ತಣಿಯಬೇಕಾದ ಎಂಜಿನ್ ಭಾಗಗಳಿಗೆ ಇಂಥ ಲೋಹವೇ ಬೇಕು. ಆದರೆ ಅದು ಮೆದು. ವಜ್ರದ ಮೊನೆಯನ್ನು ಒತ್ತಿ, ಬಿದ್ದ ಗುಳಿಯನ್ನು ಅಳೆದು ಗಡಸುತನವನ್ನು ಗೊತ್ತುಪಡಿಸುವ ವಿಕರ್ಸ್ ಎಂಬ ಮಾಪನವಿದೆ. ಈ ಲೆಕ್ಕದಲ್ಲಿ ಶುದ್ಧ ಅಲ್ಯೂಮಿನಿಯಮ್ಮಿನ ಗಡಸುತನ ಸುಮಾರು 20. ಎಂಜಿನ್ನುಗಳಲ್ಲಿ ಬಳಸುವ ಮಿಶ್ರಲೋಹಗಳದು 100ರ ಆಸುಪಾಸು. ಹಾರ್ಡ್ ಕ್ರೋಮಿನದು 800ರಿಂದ 1000. ಒಂದು ನಿಮಿಷಕ್ಕೆ ಸಾವಿರಾರು ಸಲ ಉಜ್ಜಾಡುವ ಜಾಗದಲ್ಲಿ ಬರಿಯ ಅಲ್ಯೂಮಿನಿಯಂ ಬಹುಕಾಲ ಬಾಳದು. ಮೈ ಹಗುರ ಲೋಹದ್ದಾಗಿ, ಚರ್ಮ ಮಾತ್ರ ಕ್ರೋಮಿಯಮ್ಮಿನದಾದರೆ ಎರಡರ ಗುಣವೂ ದಕ್ಕುತ್ತದೆ ಎಂಬುದು ತಂತ್ರಜ್ಞರ ಆಲೋಚನೆ.

ಕ್ರೋಮ್ ಎಂದರೆ ಬಹುಮಂದಿಗೆ ನೆನಪಾಗುವುದು ಸೈಕಲ್ಲಿನ ಹ್ಯಾಂಡಲ್. ಆ ಹೊಳಪು ಅಲಂಕಾರದ ಕ್ರೋಮಿನದು. ಅಲ್ಲಿ ತುಕ್ಕನ್ನು ತಡೆಯುವ ಮುಖ್ಯ ಕೆಲಸ ಕೆಳಗಿರುವ ನಿಕ್ಕಲ್ ಪದರದ್ದು. ಮೇಲಿನ ಕ್ರೋಮಿಯಂ ಒಂದು ಮೈಕ್ರಾನಿಗಿಂತಲೂ ತೆಳು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಹಾರ್ಡ್ ಕ್ರೋಮ್ ದುಡಿಯುವ ಕ್ರೋಮ್. ಅದನ್ನು 20 ಮೈಕ್ರಾನಿನಿಂದ ಹಿಡಿದು ನೂರಾರು ಮೈಕ್ರಾನಿನವರೆಗೆ ಬೆಳೆಸುತ್ತಾರೆ.

ಸತುವಿನ ಮಧ್ಯಸ್ಥಿಕೆ

ಆಕ್ಸೈಡ್ ಪೊರೆಯನ್ನು ಕ್ಷಾರದಲ್ಲೋ ಆಮ್ಲದಲ್ಲೋ ಕರಗಿಸಬಹುದು. ಆದರೆ ತೊಳೆದು ಮೇಲೆತ್ತುವಷ್ಟರಲ್ಲಿ ಹೊಸ ಪೊರೆ ಹುಟ್ಟಿರುತ್ತದೆ. ಅದರ ಮೇಲೆ ಕ್ರೋಮಿಯಂ ಕೂರಿಸಿದರೆ ಧೂಳು ಒರೆಸದ ಗೋಡೆಗೆ ಬಣ್ಣ ಬಳಿದ ಹಾಗೆ. ಒಣಗಿದ ಮೇಲೆ ಹಕ್ಕಳೆಯಾಗಿ ಏಳುತ್ತದೆ. ಆದ್ದರಿಂದ ಪೊರೆ ತೆಗೆಯುವುದೂ ಬೇರೊಂದು ಲೋಹ ಕೂರುವುದೂ ಒಂದೇ ದ್ರಾವಣದಲ್ಲಿ, ಒಂದೇ ಗಳಿಗೆಯಲ್ಲಿ ನಡೆಯಬೇಕು. ಜಿಂಕೇಟ್ ವಿಧಾನ ಇದನ್ನು ಸಾಧಿಸುತ್ತದೆ.

ಸತುವಿನ ಆಕ್ಸೈಡನ್ನು ಕಾಸ್ಟಿಕ್ ಸೋಡಾದ ಪ್ರಬಲ ದ್ರಾವಣದಲ್ಲಿ ಕರಗಿಸಿದರೆ ಸೋಡಿಯಂ ಜಿಂಕೇಟ್ ದೊರೆಯುತ್ತದೆ. ಶುಚಿ ಮಾಡಿದ ಅಲ್ಯೂಮಿನಿಯಂ ಭಾಗವನ್ನು ಇದರಲ್ಲಿ ಅದ್ದಿದಾಗ ಕ್ಷಾರವು ಪೊರೆಯನ್ನು ಕರಗಿಸುತ್ತದೆ. ಬೆತ್ತಲಾದ ಅಲ್ಯೂಮಿನಿಯಂ ದ್ರಾವಣಕ್ಕೆ ಇಳಿಯುತ್ತದೆ, ಅದರ ಜಾಗಕ್ಕೆ ಸತು ಬಂದು ಕೂರುತ್ತದೆ. ಮೊಳೆಯ ಮೇಲೆ ತಾಮ್ರ ಕೂತದ್ದೂ ಇದೇ ನಿಯಮದಿಂದ. ಎರಡು ಅಲ್ಯೂಮಿನಿಯಂ ಪರಮಾಣುಗಳು ಕರಗಿದಾಗ ಮೂರು ಸತುವಿನ ಪರಮಾಣುಗಳು ಕೂರುತ್ತವೆ. ಅಲ್ಯೂಮಿನಿಯಮ್ಮಿನ ವೇಲೆನ್ಸಿ ಮೂರು, ಸತುವಿನದು ಎರಡು ಎಂಬುದನ್ನು ನೆನೆದರೆ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಸರಿದೂಗಿಸಬಹುದು. ಇಷ್ಟಕ್ಕೆ ಹಿಡಿಯುವ ಹೊತ್ತು ಒಂದು ನಿಮಿಷದ ಒಳಗೆ.

ಅನುಭವಸ್ಥರು ಇಲ್ಲಿಗೆ ನಿಲ್ಲಿಸುವುದಿಲ್ಲ. ಮೊದಲ ಸಲ ಕೂತ ಸತುವನ್ನು ನೈಟ್ರಿಕ್ ಆಮ್ಲದಲ್ಲಿ ಪೂರ್ತಿ ಕರಗಿಸಿ, ಭಾಗವನ್ನು ತೊಳೆದು, ಎರಡನೆಯ ಸಲ ಜಿಂಕೇಟಿನಲ್ಲಿ ಅದ್ದುತ್ತಾರೆ. ಮಾಡಿದ ಕೆಲಸವನ್ನು ತಾವೇ ಅಳಿಸುವುದು ನೋಡುವವರಿಗೆ ದಡ್ಡತನವೆನಿಸಬಹುದು. ಆದರೆ ಮೊದಲ ಸಲದ ಸತುವಿನ ಹರಳುಗಳು ಒರಟು, ಹರಡಿಕೆ ಅಸಮ. ಎರಡನೆಯ ಸಲ ಕೂರುವುದು ತೆಳುವಾಗಿ, ಒತ್ತಾಗಿ, ಒಂದೇ ಸಮನಾಗಿರುತ್ತದೆ. ದಪ್ಪ ಸತುವಿಗಿಂತ ತೆಳು ಸತುವೇ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ಇದರ ಮೇಲೆ ನೇರವಾಗಿ ಕ್ರೋಮಿಯಂ ಕೂರಿಸುವುದು ಅಪಾಯ, ಏಕೆಂದರೆ ಕ್ರೋಮ್ ತೊಟ್ಟಿಯ ಆಮ್ಲ ಸತುವನ್ನು ತಿಂದುಬಿಡುತ್ತದೆ. ಆದ್ದರಿಂದ ನಡುವೆ ತಾಮ್ರದ ಅಥವಾ ನಿಕ್ಕಲಿನ ಪದರ ಹಾಕುವುದು ರೂಢಿ. ವಿದ್ಯುತ್ತಿಲ್ಲದೆ, ಬರಿಯ ರಾಸಾಯನಿಕ ಕ್ರಿಯೆಯಿಂದ, ಸುಮಾರು 90 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೂರಿಸುವ ನಿಕ್ಕಲ್ ಈ ಕೆಲಸಕ್ಕೆ ಹೆಸರಾಗಿದೆ. ಮೂಲೆ, ಸಂದುಗಳಲ್ಲೂ ಅದು ಒಂದೇ ದಪ್ಪಕ್ಕೆ ಕೂರುತ್ತದೆ.

ತೊಟ್ಟಿಯಲ್ಲಿ ನಡೆಯುವುದೇನು?

ಕ್ರೋಮ್ ತೊಟ್ಟಿಯ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ, ಅದರ ನೂರನೆಯ ಒಂದು ಪಾಲು, ಅಂದರೆ ಎರಡೂವರೆ ಗ್ರಾಂ, ಗಂಧಕಾಮ್ಲ ಇರುತ್ತದೆ. ಈ ಒಂದು ಪಾಲು ಇಲ್ಲದೆ ಕ್ರೋಮಿಯಂ ಸರಿಯಾಗಿ ಕೂರುವುದಿಲ್ಲ. ಈ ಪ್ರಮಾಣವನ್ನು ಖಚಿತಗೊಳಿಸಿ ಕ್ರೋಮ್ ಲೇಪನವನ್ನು ಪ್ರಯೋಗಶಾಲೆಯಿಂದ ಕಾರ್ಖಾನೆಗೆ ತಂದ ಕೀರ್ತಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಅವರಿಗೆ ದೊಡ್ಡ ಪಾಲಿದೆ. ಅವರಿಗೆ ಪೇಟೆಂಟ್ ದೊರೆತದ್ದು 1926ರಲ್ಲಿ.

ಲೇಪನವಾಗಬೇಕಾದ ಭಾಗವೇ ಋಣಾಗ್ರ. ಧನಾಗ್ರ ಮಾತ್ರ ಕ್ರೋಮಿಯಮ್ಮಿನದಲ್ಲ, ಸೀಸದ ಮಿಶ್ರಲೋಹದ್ದು. ಕೂರುವ ಕ್ರೋಮಿಯಂ ಪೂರ್ತಿಯಾಗಿ ದ್ರಾವಣದಿಂದಲೇ ಬರುತ್ತದೆ. ಉಷ್ಣತೆ 50ರಿಂದ 60 ಡಿಗ್ರಿ. ಪ್ರತಿ 100 ಚದರ ಸೆಂಟಿಮೀಟರಿಗೆ 30ರಿಂದ 60 ಆಂಪೇರ್ ವಿದ್ಯುತ್ತು ಹರಿಸಬೇಕು.

ಇಲ್ಲಿ ಫ್ಯಾರಡೆಯ ನಿಯಮವನ್ನು ಬಳಸಿ ಒಂದು ಲೆಕ್ಕ ಮಾಡೋಣ. 100 ಚದರ ಸೆಂಟಿಮೀಟರ್ ಮೈಗೆ 40 ಆಂಪೇರನ್ನು ಒಂದು ಗಂಟೆ ಹರಿಸಿದರೆ 1,44,000 ಕೂಲಂಬ್ ಆಯಿತು. ಕ್ರೋಮಿಯಮ್ಮಿನ ಪರಮಾಣು ತೂಕ 52, ಈ ದ್ರಾವಣದಲ್ಲಿ ಅದರ ವೇಲೆನ್ಸಿ ಆರು. 52ನ್ನು 1,44,000ದಿಂದ ಗುಣಿಸಿ, ಆರು ಸಲ 96,500ರಿಂದ ಭಾಗಿಸಿದರೆ ಸುಮಾರು 13 ಗ್ರಾಂ ಬರುತ್ತದೆ. ಆದರೆ ತೊಟ್ಟಿಯಲ್ಲಿ ಅಷ್ಟು ಕೂರುವುದಿಲ್ಲ. ನೂರು ರೂಪಾಯಿ ವಿದ್ಯುತ್ತು ಸುಟ್ಟರೆ ಹತ್ತರಿಂದ ಇಪ್ಪತ್ತು ರೂಪಾಯಿಯಷ್ಟೇ ಕ್ರೋಮಿಯಂ ಕೂರಿಸಲು ಸಲ್ಲುತ್ತದೆ. ಶೇಕಡಾ 15 ಎಂದು ಹಿಡಿದರೆ ಸಿಗುವುದು ಎರಡು ಗ್ರಾಮಿಗೂ ಕಡಿಮೆ, ಅಂದರೆ ಸುಮಾರು 27 ಮೈಕ್ರಾನ್ ದಪ್ಪದ ಪದರ. ಅಷ್ಟೇ ವಿದ್ಯುತ್ತಿನಿಂದ ಮೈಲುತುತ್ತದ ದ್ರಾವಣದಲ್ಲಿ 47 ಗ್ರಾಂ ತಾಮ್ರ ಕೂರಿಸಬಹುದಿತ್ತು!

ಉಳಿದ ಶೇಕಡಾ 85 ಎಲ್ಲಿ ಹೋಯಿತು? ಅದರಲ್ಲಿ ಬಹುಪಾಲು ನೀರನ್ನು ಒಡೆಯುವುದಕ್ಕೆ. ಮೇಲಿನ ಲೆಕ್ಕದಂತೆ ಆ ಒಂದು ಗಂಟೆಯಲ್ಲಿ 14 ಲೀಟರಿನವರೆಗೆ ಜಲಜನಕ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಈ ಗುಳ್ಳೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಇವುಗಳ ವಿಷಯ ಬರುತ್ತದೆ.

ದಿಂಬಿನ ಮೇಲಿನ ಹಪ್ಪಳ

ಒಂದು ಹುರಿದ ಹಪ್ಪಳವನ್ನು ಕಲ್ಲುಚಪ್ಪಡಿಯ ಮೇಲೆ ಚಪ್ಪಟೆಯಾಗಿಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿದರೆ ತಡೆದುಕೊಳ್ಳಬಹುದು. ಹತ್ತಿಯ ದಿಂಬಿನ ಮೇಲಿಟ್ಟು ಬೆರಳಿನಿಂದ ಒತ್ತಿದರೆ ಚೂರಾಗುತ್ತದೆ. ಅಲ್ಯೂಮಿನಿಯಂ ಮೇಲಿನ ತೆಳು ಕ್ರೋಮಿಯಮ್ಮಿನ ಪಾಡು ಇದೇ. ಕ್ರೋಮಿಯಂ ಎಷ್ಟೇ ಗಡಸಾದರೂ ಕೆಳಗಿನ ಲೋಹ ತಗ್ಗಿದರೆ ಅದು ಬಿರಿಯದೆ ಗತ್ಯಂತರವಿಲ್ಲ. ಒಂದು ಬಿಂದುವಿನ ಮೇಲೆ ಭಾರ ಬೀಳುವ ಕಡೆ ಈ ಲೇಪನ ಸಲ್ಲದು. ಭಾರ ಹರಡಿಕೊಂಡು ಬೀಳುವ, ಉಜ್ಜಾಟ ಮುಖ್ಯವಾಗಿರುವ ಕಡೆ ಅದು ಒಪ್ಪುತ್ತದೆ. ನಡುವಿನ ನಿಕ್ಕಲ್ ಪದರ ಸಾಕಷ್ಟು ದಪ್ಪವಾಗಿದ್ದರೆ ಅದು ದಿಂಬಿಗೂ ಹಪ್ಪಳಕ್ಕೂ ನಡುವೆ ಇಟ್ಟ ಹಲಗೆಯಂತೆ ಕೆಲಸ ಮಾಡುತ್ತದೆ.

ಶಾಖದ ತೊಡಕೂ ಇದೆ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸರಳು 100 ಡಿಗ್ರಿ ಬಿಸಿಯೇರಿದರೆ 2.3 ಮಿಲಿಮೀಟರ್ ಹಿಗ್ಗುತ್ತದೆ. ಕ್ರೋಮಿಯಂ ಹಿಗ್ಗುವುದು ಅದರ ಕಾಲುಭಾಗದಷ್ಟೇ. ಎಂಜಿನ್ ಬಿಸಿಯಾದಾಗಲೆಲ್ಲ ಕೆಳಗಿನ ಮೈ ಹಿಗ್ಗಲು ಹೊರಡುತ್ತದೆ, ಮೇಲಿನ ಕವಚ ಒಲ್ಲೆನ್ನುತ್ತದೆ. ಈ ಎಳೆದಾಟವನ್ನು ಸಹಿಸಬೇಕಾದದ್ದು ಕಣ್ಣಿಗೆ ಕಾಣದ ಆ ಸತುವಿನ ಬೆಸುಗೆ. ಅದಕ್ಕೇ ಇದರ ಪರೀಕ್ಷೆಯೂ ಶಾಖದಿಂದಲೇ: ಲೇಪನವಾದ ಮಾದರಿಯನ್ನು 200 ಡಿಗ್ರಿಗೂ ಮೇಲೆ ಕಾಯಿಸಿ ತಣ್ಣೀರಿಗೆ ಹಾಕುತ್ತಾರೆ. ಬೆಸುಗೆ ದುರ್ಬಲವಾಗಿದ್ದರೆ ಗುಳ್ಳೆಯೋ ಸಿಪ್ಪೆಯೋ ಎದ್ದುಬಿಡುತ್ತದೆ. ಹೊರಗಿನ ಹೊಳಪು ನೋಡಿ ಒಳಗಿನ ಗುಟ್ಟು ತಿಳಿಯದು.

ಹಿರೋಷಿಮಾದ ಒಂದು ಪ್ರಕರಣ

ಇಷ್ಟು ಕಷ್ಟಪಟ್ಟು ಅಲ್ಯೂಮಿನಿಯಮ್ಮಿಗೆ ಹಾರ್ಡ್ ಕ್ರೋಮ್ ಮಾಡಿಸಿದವರು ಯಾರು? ಜರ್ಮನಿಯ ಮಾಲೆ ಕಂಪನಿ 1950ರ ದಶಕದಲ್ಲಿ ಪೋರ್ಷೆ ಕಾರುಗಳಿಗೆ ಇಂಥ ಸಿಲಿಂಡರುಗಳನ್ನು ಒದಗಿಸಿತು. ಇನ್ನೂ ಪ್ರಸಿದ್ಧವಾದ ಕಥೆ ಜಪಾನಿನದು. ಹಿರೋಷಿಮಾ ನಗರದ ಟೋಯೋ ಕೋಗ್ಯೋ ಕಂಪನಿ (ಮುಂದೆ ಮಾಜ್ದಾ ಎಂದು ಹೆಸರಾದದ್ದು ಇದೇ) 1961ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಫೀಲಿಕ್ಸ್ ವಾಂಕೆಲ್ ರೂಪಿಸಿದ ಹೊಸ ಬಗೆಯ ಎಂಜಿನ್ನಿನ ಬೆನ್ನುಹತ್ತಿತು. ಚಿಕ್ಕ ಕಂಪನಿಗಳನ್ನು ದೊಡ್ಡವುಗಳೊಳಗೆ ಸೇರಿಸುವ ಮಾತು ಸರ್ಕಾರದಲ್ಲಿ ನಡೆಯುತ್ತಿದ್ದ ಕಾಲ ಅದು. ತನ್ನದೇ ಆದ ತಂತ್ರಜ್ಞಾನವಿಲ್ಲದೆ ಉಳಿಗಾಲವಿಲ್ಲವೆಂದು ಕಂಪನಿ ನಂಬಿತ್ತು.

ವಾಂಕೆಲ್ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ಎರಡು ಬೀಜದ ಕಡಲೆಕಾಯಿಯ ಆಕಾರದ ಕೋಣೆಯೊಳಗೆ ಉಬ್ಬಿದ ತ್ರಿಕೋನವೊಂದು ಸುತ್ತುತ್ತದೆ. ತ್ರಿಕೋನದ ಮೂರು ಮೂಲೆಗಳಲ್ಲೂ ಇರುವ ಸೀಲುಗಳು ಗೋಡೆಯನ್ನು ಸದಾ ಉಜ್ಜುತ್ತಿರುತ್ತವೆ. ಕೋಣೆ ಅಲ್ಯೂಮಿನಿಯಮ್ಮಿನದು, ಅದರ ಒಳಗೋಡೆಗೆ ಹಾರ್ಡ್ ಕ್ರೋಮ್. ಎಂಜಿನ್ ಓಡಿಸಿ ಬಿಚ್ಚಿ ನೋಡಿದರೆ ಗೋಡೆಯ ತುಂಬ ಅಲೆ ಅಲೆಯಾದ ಗೀರುಗಳು! ತಂತ್ರಜ್ಞರು ಅವುಗಳನ್ನು ಭೂತದ ಉಗುರಿನ ಗುರುತು ಎಂದು ಕರೆದರು.

ಕೆನಿಚಿ ಯಾಮಾಮೊಟೊ ಅವರ ನೇತೃತ್ವದಲ್ಲಿ 47 ಮಂದಿ ತಂತ್ರಜ್ಞರ ತಂಡ 1963ರಿಂದ ಇದರ ಹಿಂದೆ ಬಿತ್ತು. ತಪ್ಪು ಗೋಡೆಯದೊಂದೇ ಅಲ್ಲ, ಗೋಡೆಯನ್ನು ಉಜ್ಜುವ ಸೀಲಿನದೂ ಹೌದೆಂದು ಕ್ರಮೇಣ ತಿಳಿಯಿತು. ವೀಣೆಯ ತಂತಿಗೆ ತನ್ನದೇ ಆದ ಕಂಪನವಿರುವಂತೆ ಸೀಲಿಗೂ ಇತ್ತು. ಗೋಡೆಯ ಮೇಲೆ ಅದು ಅದುರುತ್ತ ಕುಣಿದಲ್ಲೆಲ್ಲ ಗೀರು ಬೀಳುತ್ತಿತ್ತು. ಕೊನೆಗೆ ಅಲ್ಯೂಮಿನಿಯಂ ಇಂಗಿಸಿದ ಇಂಗಾಲದ ಸೀಲುಗಳನ್ನು ತಯಾರಿಸಿ, 1967ರ ಮೇ ತಿಂಗಳಲ್ಲಿ ಕಾಸ್ಮೋ ಸ್ಪೋರ್ಟ್ ಎಂಬ ಕಾರನ್ನು ಮಾರುಕಟ್ಟೆಗೆ ಬಿಟ್ಟರು. ಕಥೆ ಅಲ್ಲಿಗೂ ಮುಗಿಯಲಿಲ್ಲ. 1974ರಲ್ಲಿ ಕಂಪನಿ ವಿಧಾನವನ್ನೇ ಬದಲಿಸಿತು: ಅಲ್ಯೂಮಿನಿಯಂ ಎರಕದ ಒಳಮೈಗೆ ಉಕ್ಕಿನ ತಗಡೊಂದನ್ನು ಕೂಡಿಸಿ, ಕ್ರೋಮಿಯಮ್ಮನ್ನು ಆ ಉಕ್ಕಿನ ಮೇಲೆ ಕೂರಿಸಲಾಯಿತು. ಉಕ್ಕಿನ ಮೇಲೆ ಕ್ರೋಮಿಯಂ ಸಲೀಸಾಗಿ ಕಚ್ಚಿಕೊಳ್ಳುತ್ತದೆ. ಕವಚ ಅದೇ, ಬದಲಾದದ್ದು ಅದರ ಕೆಳಗಿನ ನೆಲ.

ಗುಳ್ಳೆಯೊಳಗಿನ ವಿಷ

ಈಗ ಗುಳ್ಳೆಗಳ ವಿಷಯಕ್ಕೆ ಬರೋಣ. ಜಲಜನಕದ ಒಂದೊಂದು ಗುಳ್ಳೆಯೂ ದ್ರಾವಣದ ಮೇಲ್ಮೈಯಲ್ಲಿ ಒಡೆಯುವಾಗ ಸೂಕ್ಷ್ಮವಾದ ಹನಿಗಳನ್ನು ಗಾಳಿಗೆ ಎರಚುತ್ತದೆ. ತೊಟ್ಟಿಯ ಮೇಲೆ ಹಳದಿ ಮಂಜಿನಂತೆ ಹರಡುವುದು ಕ್ರೋಮಿಕ್ ಆಮ್ಲ. ಇದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಸ್ಟೀಲ್ ಪಾತ್ರೆಯಲ್ಲಿರುವ ಕ್ರೋಮಿಯಂ ಲೋಹಕ್ಕೂ ಇದಕ್ಕೂ ಹೆಸರೊಂದೇ, ಗುಣ ಬೇರೆ. ಈ ಮಂಜನ್ನು ದಿನವೂ ಉಸಿರಾಡುವವರ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ಹುಣ್ಣಾಗಿ, ಕೊನೆಗೆ ತೂತೇ ಬೀಳಬಹುದು. ಕೈಗಳ ಮೇಲೆ ಬೇಗ ಮಾಯದ ಹುಣ್ಣುಗಳಾಗುತ್ತವೆ. ಆರು ವೇಲೆನ್ಸಿಯ ಕ್ರೋಮಿಯಮ್ಮಿನ ಸಂಯುಕ್ತಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ಪ್ರಕಟಿಸಿತು. ಯೂರೋಪಿನ ಒಕ್ಕೂಟವು 2017ರ ಸೆಪ್ಟೆಂಬರಿನಿಂದ ಇದರ ಬಳಕೆಗೆ ವಿಶೇಷ ಅನುಮತಿ ಬೇಕೆಂದು ವಿಧಿಸಿತು.

ನೀರಿನ ಲೆಕ್ಕ ಇನ್ನೂ ಗಾಬರಿಯದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಕ್ರೋಮ್ ತೊಟ್ಟಿಯ ಒಂದು ಲೀಟರಿನಲ್ಲಿ ಕ್ರೋಮಿಯಂ ಸುಮಾರು 130 ಗ್ರಾಂ ಇರುತ್ತದೆ. ಭಾಗಾಕಾರ ಮಾಡಿದರೆ, ಈ ಒಂದು ಲೀಟರ್ ದ್ರಾವಣ 26 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ ನಾನೂರಕ್ಕೂ ಹೆಚ್ಚು! ಲೋಹಲೇಪನ ಘಟಕಗಳು ಅನೇಕವಿರುವ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಕಂಡುಬಂದಿರುವುದು ದಾಖಲಾದ ಸಂಗತಿ. ಒಮ್ಮೆ ನೆಲದಾಳಕ್ಕೆ ಇಳಿದದ್ದನ್ನು ಹಿಂದಕ್ಕೆ ತೆಗೆಯುವುದು ಸುಲಭವಲ್ಲ.

ಪರಿಹಾರವೂ ರಸಾಯನ ವಿಜ್ಞಾನದಲ್ಲೇ ಇದೆ. ತೊಳೆದ ನೀರನ್ನು ಆಮ್ಲೀಯವಾಗಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಹಳದಿ ಬಣ್ಣ ಹೋಗಿ ಹಸಿರು ಬರುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಡೈಕ್ರೋಮೇಟ್ ಬಳಸಿದವರಿಗೆ ಈ ಬದಲಾವಣೆ ಪರಿಚಿತ. ಆರು ವೇಲೆನ್ಸಿ ಮೂರಕ್ಕೆ ಇಳಿಯಿತೆಂಬುದರ ಗುರುತು ಅದು. ಬಳಿಕ ಸುಣ್ಣ ಹಾಕಿದರೆ ಕ್ರೋಮಿಯಂ ಹೈಡ್ರಾಕ್ಸೈಡ್ ತಳಕ್ಕೆ ಇಳಿಯುತ್ತದೆ. ಆ ಕೆಸರನ್ನೂ ಚರಂಡಿಗೆ ಬಿಡದೆ, ಅಪಾಯಕಾರಿ ತ್ಯಾಜ್ಯಕ್ಕೆಂದೇ ಗೊತ್ತುಪಡಿಸಿದ ಜಾಗಕ್ಕೆ ಕಳಿಸಬೇಕು. ತೊಟ್ಟಿಯ ಅಂಚಿನಲ್ಲೇ ಮಂಜನ್ನು ಹೀರಿಕೊಳ್ಳುವ ಗಾಳಿಕೊಳವೆ, ಅದನ್ನು ನೀರಿನಿಂದ ತೊಳೆಯುವ ಯಂತ್ರ, ಕೆಲಸಗಾರರಿಗೆ ಕೈಗವಸು ಮತ್ತು ಮುಖಗವಸು, ಕಾಲಕಾಲಕ್ಕೆ ವೈದ್ಯರ ತಪಾಸಣೆ: ಇವು ಪ್ಲೇಟಿಂಗ್ ಘಟಕದಲ್ಲಿ ಇರಲೇಬೇಕಾದ ಏರ್ಪಾಡುಗಳು. ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿದ ಮಗ ಅಥವಾ ಮಗಳು ಇಂಥ ಕೆಲಸಕ್ಕೆ ಸೇರುವುದಾದರೆ, ಸಂಬಳ ಎಷ್ಟೆಂದು ಕೇಳುವಾಗಲೇ ತೊಟ್ಟಿಯ ಮೇಲೆ ಗಾಳಿಕೊಳವೆ ಇದೆಯೇ ಎಂದೂ ತಂದೆತಾಯಂದಿರು ಕೇಳಬೇಕು. ಕುತೂಹಲಕ್ಕೆಂದು ಕ್ರೋಮಿಕ್ ಆಮ್ಲವನ್ನು ಮನೆಗೆ ತರುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು.

ಬೇರೆ ದಾರಿಗಳು

ಕ್ರೋಮಿಯಮ್ಮಿಗೆ ಬದಲಿಗಳೂ ಬಂದಿವೆ. ಮಾಲೆ ಕಂಪನಿಯೇ 1967ರಲ್ಲಿ ನಿಕ್ಕಲಿನೊಳಗೆ ಸಿಲಿಕಾನ್ ಕಾರ್ಬೈಡಿನ ಗಡಸು ಕಣಗಳನ್ನು ಹುದುಗಿಸಿದ ನಿಕಾಸಿಲ್ ಲೇಪನವನ್ನು ಹೊರತಂದಿತು. ಅಲ್ಯೂಮಿನಿಯಂ ಸಿಲಿಂಡರುಗಳಲ್ಲಿ ಕ್ರೋಮಿಯಮ್ಮಿನ ಜಾಗವನ್ನು ಅದು ಬಹುಮಟ್ಟಿಗೆ ಹಿಡಿಯಿತು. ಮೂರು ವೇಲೆನ್ಸಿಯ ಕ್ರೋಮಿಯಂ ದ್ರಾವಣಗಳು ಅಲಂಕಾರದ ಲೇಪನದಲ್ಲಿ ಈಗಾಗಲೇ ಬಳಕೆಯಲ್ಲಿವೆ.

ಇನ್ನೊಂದು ದಾರಿ ನಮ್ಮ ಅಡುಗೆಮನೆಗಳಲ್ಲೇ ಇದೆ. ಕಪ್ಪು ಬೂದುಬಣ್ಣದ ಹಾರ್ಡ್ ಅನೊಡೈಸ್ಡ್ ಬಾಣಲೆ, ಕುಕ್ಕರುಗಳನ್ನು ಅನೇಕರು ನೋಡಿರುತ್ತಾರೆ. ಅಲ್ಲಿ ಬೇರೆ ಲೋಹದ ಲೇಪನವೇ ಇಲ್ಲ. ಅಲ್ಯೂಮಿನಿಯಮ್ಮನ್ನು ಋಣಾಗ್ರದ ಬದಲು ಧನಾಗ್ರವಾಗಿಸಿ, ಮಂಜುಗಡ್ಡೆಯಷ್ಟು ತಣ್ಣಗಿನ ಗಂಧಕಾಮ್ಲದಲ್ಲಿ ವಿದ್ಯುತ್ತು ಹರಿಸಿ, ಅದರ ಸ್ವಂತ ಆಕ್ಸೈಡ್ ಪೊರೆಯನ್ನೇ ಸಾವಿರಾರು ಪಟ್ಟು ದಪ್ಪಗೆ ಬೆಳೆಸಿರುತ್ತಾರೆ. ಹಾರ್ಡ್ ಕ್ರೋಮಿನಷ್ಟು ಗಡಸಲ್ಲದಿದ್ದರೂ ಅದು ಆ ಲೋಹದಿಂದಲೇ ಬೆಳೆದ ಪದರವಾದ್ದರಿಂದ ಸುಲಭಕ್ಕೆ ಸಿಪ್ಪೆಯೇಳದು. ಮೈಲುತುತ್ತದ ಲೋಟದಲ್ಲಿ ಅಡ್ಡಿಯಾಗಿ ನಿಂತ ಅದೇ ಪೊರೆ ಇಲ್ಲಿ ರಕ್ಷಣೆಗೆ ಒದಗಿದೆ.

ವಿದ್ಯಾರ್ಥಿಗಳು ಬಿಡುವಿನಲ್ಲಿ ಬಿಡಿಸಲು ಒಂದು ಲೆಕ್ಕ: ಮೇಲೆ ಹೇಳಿದ ತೊಟ್ಟಿಯಲ್ಲಿ, ಅದೇ 40 ಆಂಪೇರಿನಲ್ಲಿ, 100 ಚದರ ಸೆಂಟಿಮೀಟರಿನ ಮೈಗೆ ತಲೆಗೂದಲಿನಷ್ಟು, ಅಂದರೆ 70 ಮೈಕ್ರಾನ್, ಕ್ರೋಮಿಯಂ ಕೂರಿಸಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಎಷ್ಟು ಲೀಟರ್ ಜಲಜನಕ ಮೇಲೇಳುತ್ತದೆ? ಎರಡನೆಯ ಉತ್ತರ ಸಿಕ್ಕ ಮೇಲೆ, ತೊಟ್ಟಿಯ ಪಕ್ಕದಲ್ಲಿ ನಿಂತವನ ಉಸಿರಿನ ಬಗ್ಗೆಯೂ ಒಂದು ಗಳಿಗೆ ಯೋಚಿಸಿ.